ಹಳೆಯ ಕಾರಿನ ದೀಪಗಳೂ ಓಮನ ನಿಯಮವೂ

ಮಳೆಗಾಲದ ಒಂದು ಸಂಜೆ ನಮ್ಮ ಮಿತ್ರರೊಬ್ಬರು ಮೂಡಿಗೆರೆಯ ಕಡೆಯಿಂದ ಚಾರ್ಮಾಡಿ ಘಾಟಿಯನ್ನು ಇಳಿದು ಬರುತ್ತಿದ್ದರು. ಅವರ ವಾಹನ 1960ರ ದಶಕದ ಒಂದು ಅಂಬಾಸಿಡರ್ ಕಾರು. ತಂದೆಯ ಕಾಲದಿಂದ ಮನೆಯಲ್ಲಿದ್ದುದು. ಮಂಜು ದಟ್ಟವಾಗಿದ್ದಿತು. ಒಂದು ತಿರುವಿನಲ್ಲಿ ಅವರು ಬ್ರೇಕನ್ನು ಒತ್ತಿದಾಗ, ಹಿಂದೆ ಬರುತ್ತಿದ್ದ ಲಾರಿಯೊಂದು ಕಿರ್ರೆಂದು ಕೂಗಿ, ಕಾರಿನ ಹಿಂಬದಿಗೆ ಒಂದು ಮಾರಿನಷ್ಟು ದೂರದಲ್ಲಿ ನಿಂತಿತು. ಚಾಲಕನು ಇಳಿದು ಬಂದು ಕೋಪದಿಂದ ಹೇಳಿದ ಮಾತು ವಿಚಿತ್ರವಾಗಿದ್ದಿತು: ಬ್ರೇಕು ಹಾಕಿದಾಗ ಕಾರಿನ ಕೆಂಪು ದೀಪ ಹೆಚ್ಚುವುದಕ್ಕೆ ಬದಲಾಗಿ ಕುಂದಿತಂತೆ, ಕಾರು ದೂರ ಸರಿಯಿತೆಂದು ಅವನು ಭಾವಿಸಿದನಂತೆ.

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಮಂಜಿನಲ್ಲಿ ನಮ್ಮ ಕಣ್ಣು ದೂರವನ್ನು ಅಳೆಯುವುದು ಬಹುಮಟ್ಟಿಗೆ ಬೆಳಕಿನ ಪ್ರಖರತೆಯಿಂದಲೇ. ಕುಂದಿದ ದೀಪ ದೂರದ ದೀಪವೆಂದೇ ತೋರುವುದು. ಮರುದಿನ ಆ ಕಾರನ್ನು ನಮ್ಮ ಕಾಲೇಜಿನ ಅಂಗಳಕ್ಕೆ ತರಿಸಿ, ನಮ್ಮ ಕೆಲವು ವಿದ್ಯಾರ್ಥಿಗಳನ್ನು ಜೊತೆಗೆ ಕರೆದುಕೊಂಡು, ಈ ವಿಪರೀತಕ್ಕೆ ಕಾರಣವೇನೆಂದು ಹುಡುಕತೊಡಗಿದೆವು. ಹುಡುಕುವಾಗ ನಾವೇ ಒಂದು ತಪ್ಪಿಗೆ ಒಳಗಾದೆವು. ಭೌತಶಾಸ್ತ್ರವನ್ನು ಕಲಿಸುವವರು ಮಾಡಬಾರದ ತಪ್ಪು ಅದು. ಆದುದರಿಂದಲೇ ಅದನ್ನು ಮುಚ್ಚಿಡದೆ ವಾಚಕರ ಮುಂದಿಡುವುದು ಒಳ್ಳೆಯದೆಂದು ನಮಗೆ ತೋರಿದೆ.

ಒಂಟಿ ತಂತಿಯ ಮಂಡಲ

ವಿದ್ಯುತ್ಪ್ರವಾಹ ಹರಿಯಬೇಕಾದರೆ ಅದಕ್ಕೆ ಹೋಗುವ ದಾರಿ, ಮರಳುವ ದಾರಿ ಎರಡೂ ಬೇಕು ಎಂಬುದು ಪ್ರೌಢಶಾಲೆಯ ಪಾಠ. ಮನೆಯ ದೀಪಕ್ಕೆ ಎರಡು ತಂತಿಗಳು ಬರುವುದನ್ನು ಎಲ್ಲರೂ ಬಲ್ಲರು. ಆದರೆ ಮೋಟಾರು ವಾಹನದ ದೀಪಕ್ಕೆ ಸಾಮಾನ್ಯವಾಗಿ ಒಂದೇ ತಂತಿ. ಮರಳುವ ದಾರಿ ಯಾವುದು? ವಾಹನದ ಉಕ್ಕಿನ ಒಡಲೇ ಆ ದಾರಿ. ಬ್ಯಾಟರಿಯ ಒಂದು ಧ್ರುವವನ್ನು ದಪ್ಪನೆಯ ಪಟ್ಟಿಯಿಂದ ಒಡಲಿಗೆ ಬಿಗಿದಿರುತ್ತಾರೆ. ಪ್ರತಿಯೊಂದು ದೀಪದ ಗೂಡನ್ನೂ ಒಡಲಿಗೆ ಬಿಗಿದಿರುತ್ತಾರೆ. ಇದಕ್ಕೆ ಕಾರ್ಖಾನೆಯವರು ಅರ್ತ್ ಎನ್ನುವರು. ಹೆಸರು ಹಾಗಿದ್ದರೂ ಭೂಮಿಗೂ ಇದಕ್ಕೂ ಸಂಬಂಧವಿಲ್ಲ. ವಾಹನ ನಿಂತಿರುವುದು ರಬ್ಬರಿನ ಚಕ್ರಗಳ ಮೇಲೆ. ನಾವು ಇಲ್ಲಿ ಇದನ್ನು ಒಡಲ ಸಂಪರ್ಕ ಎಂದು ಕರೆಯೋಣ.

ಯಾವ ಧ್ರುವವನ್ನು ಒಡಲಿಗೆ ಸೇರಿಸಿದೆ ಎಂಬುದನ್ನು ಮೊದಲು ಕಣ್ಣಿಂದಲೇ ನೋಡಿಕೊಳ್ಳತಕ್ಕದ್ದು. ಇಂದಿನ ವಾಹನಗಳಲ್ಲಿ ಅದು ಋಣಧ್ರುವ. ಇಂಗ್ಲೆಂಡಿನ ಮಾದರಿಯ ಅನೇಕ ಹಳೆಯ ಕಾರುಗಳಲ್ಲಿ ಧನಧ್ರುವವನ್ನು ಒಡಲಿಗೆ ಸೇರಿಸುತ್ತಿದ್ದರು. ಸಾಧಾರಣ ಬಲ್ಬಿಗೆ ಈ ಭೇದ ಗೊತ್ತಾಗದು. ಟಂಗ್‌ಸ್ಟನ್ ತಂತುವಿನಲ್ಲಿ ಪ್ರವಾಹ ಯಾವ ದಿಕ್ಕಿನಿಂದ ಹರಿದರೂ ಅದು ಬೆಳಗುವುದು. ಆದರೆ ಅರೆವಾಹಕಗಳಿಂದಾದ ಎಲ್‌ಇಡಿ ದೀಪ, ರೇಡಿಯೊ ಮುಂತಾದುವು ಒಂದೇ ದಿಕ್ಕನ್ನು ಒಪ್ಪುವುವು. ಅವನ್ನು ತಿಳಿಯದೆ ಹಳೆಯ ಕಾರಿಗೆ ಜೋಡಿಸಿದರೆ ನಷ್ಟವೇ ಸರಿ.

ಇನ್ನು ನಮಗೆ ಬೇಕಾದ ಅಂಕೆಗಳು. ಬ್ಯಾಟರಿ 12 ವೋಲ್ಟಿನದು. ಹಿಂಬದಿಯ ಕೆಂಪು ದೀಪದ ಬಲ್ಬಿನೊಳಗೆ ಎರಡು ತಂತುಗಳಿವೆ. ರಾತ್ರಿಯೆಲ್ಲ ಬೆಳಗುವ ಸಣ್ಣ ತಂತು 5 ವಾಟಿನದು. ಬ್ರೇಕು ಒತ್ತಿದಾಗ ಬೆಳಗುವ ದೊಡ್ಡ ತಂತು 21 ವಾಟಿನದು. ವಾಟನ್ನು ವೋಲ್ಟಿನಿಂದ ಭಾಗಿಸಿದರೆ ಪ್ರವಾಹ ದೊರೆಯುವುದು: ಸಣ್ಣ ತಂತುವಿನಲ್ಲಿ ಸುಮಾರು 0.42 ಆಂಪೇರು, ದೊಡ್ಡದರಲ್ಲಿ 1.75 ಆಂಪೇರು. ಓಮನ ನಿಯಮದಿಂದ ಅವುಗಳ ರೋಧ ಕ್ರಮವಾಗಿ ಸುಮಾರು 29 ಓಮ್ ಮತ್ತು 7 ಓಮ್. ಇದು ತಂತು ಬಿಳಿಗಾವಿನಲ್ಲಿ ಉರಿಯುವಾಗಿನ ರೋಧ. ತಣ್ಣಗಿರುವ ಟಂಗ್‌ಸ್ಟನ್ನಿನ ರೋಧ ಇದರ ಹತ್ತು ಹನ್ನೆರಡರಲ್ಲಿ ಒಂದು ಪಾಲು ಮಾತ್ರ. ಆದುದರಿಂದ 21 ವಾಟಿನ ಬಲ್ಬು ಆರಿರುವಾಗ ಅದರ ರೋಧ ಒಂದು ಓಮಿಗೂ ಕಡಿಮೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಕಥೆಯ ತಿರುಳೆಲ್ಲ ಇದರಲ್ಲಿದೆ.

ನಾವು ಮೋಸಹೋದ ಬಗೆ

ಕಾರಿನ ಹಿಂದೆ ಇಬ್ಬರು ವಿದ್ಯಾರ್ಥಿಗಳನ್ನು ನಿಲ್ಲಿಸಿ, ಒಬ್ಬನನ್ನು ಚಾಲಕನ ಸ್ಥಾನದಲ್ಲಿ ಕೂರಿಸಿದೆವು. ರಾತ್ರಿದೀಪದ ಸ್ವಿಚ್ಚನ್ನು ಹಾಕಿದಾಗ ಎಡ ಬಲಗಳೆರಡರಲ್ಲಿಯೂ ಕೆಂಪು ದೀಪ ಚೆನ್ನಾಗಿಯೇ ಬೆಳಗಿತು. ಬ್ರೇಕನ್ನು ಒತ್ತಿದಾಗ ಬಲಗಡೆ ಏನೂ ಬದಲಾಗಲಿಲ್ಲ. ಎಡಗಡೆಯ ದೀಪ ಮಾತ್ರ ಕುಂದಿ, ಕೆಂಡದಂತೆ ಮಂಕಾಯಿತು. ಅಷ್ಟೇ ಅಲ್ಲ, ಅದೇ ಗೂಡಿನಲ್ಲಿದ್ದ ಎಡ ತಿರುವಿನ ದೀಪವೂ, ಕಾರಿನ ಮುಂಭಾಗದ ಎಡ ತಿರುವಿನ ದೀಪವೂ ಯಾರೂ ಕರೆಯದೆ ಮಂದವಾಗಿ ಬೆಳಗಿದುವು.

ಬಲಗಡೆಯ ತೊಂದರೆ ಸರಳವಾಗಿದ್ದಿತು. ಬಲ್ಬನ್ನು ತೆಗೆದು ಬೆಳಕಿಗೆ ಹಿಡಿದಾಗ ದೊಡ್ಡ ತಂತು ಕಡಿದುಹೋಗಿದ್ದುದು ಕಂಡಿತು. ಹೊಸ ಬಲ್ಬು ಹಾಕಿದೊಡನೆ ಆ ಕಡೆ ಸರಿಯಾಯಿತು. ಎಡಗಡೆಗೂ ಹೊಸ ಬಲ್ಬು ಹಾಕಿದೆವು. ಸ್ಥಿತಿ ಮೊದಲಿನಂತೆಯೇ ಉಳಿಯಿತು.

ಆಗ ಮಲ್ಟಿಮೀಟರನ್ನು ತೆಗೆದುಕೊಂಡೆವು. ಎಡಗಡೆಯ ಬಲ್ಬನ್ನು ಹೊರತೆಗೆದು, ಬ್ರೇಕನ್ನು ಒತ್ತಿಸಿ, ಬಲ್ಬು ಕೂರುವ ಗೂಡಿನ ಬ್ರೇಕ್ ತುದಿಗೂ ಗೂಡಿನ ಲೋಹಕ್ಕೂ ನಡುವೆ ಅಳೆದೆವು. ಮೀಟರು 12 ವೋಲ್ಟಿಗಿಂತ ತುಸು ಹೆಚ್ಚನ್ನೇ ತೋರಿಸಿತು. ಬ್ಯಾಟರಿಯ ಸಂಪರ್ಕವನ್ನು ಬಿಡಿಸಿ, ಗೂಡಿಗೂ ಕಾರಿನ ಒಡಲಿಗೂ ನಡುವಿನ ರೋಧವನ್ನು ಅಳೆದೆವು. ಒಂದು ಓಮಿಗಿಂತ ಸ್ವಲ್ಪ ಹೆಚ್ಚು ತೋರಿಸಿತು. ಮೀಟರಿನ ತಂತಿಗಳ ರೋಧವೂ ಇದರಲ್ಲಿ ಸೇರಿದೆಯಲ್ಲವೆ ಎಂದು ಸಮಾಧಾನ ಹೇಳಿಕೊಂಡೆವು. ತಂತಿಯಲ್ಲಿ ವೋಲ್ಟು ಬರುತ್ತಿದೆ, ಒಡಲ ಸಂಪರ್ಕವೂ ಸರಿಯಾಗಿದೆ. ಹಾಗಾದರೆ ದೋಷ ಸ್ವಿಚ್ಚಿನಲ್ಲಿರಬೇಕು ಎಂದು ನಿಶ್ಚಯಿಸಿದೆವು. ಸ್ವಿಚ್ಚನ್ನು ಬಿಚ್ಚಿ ನೋಡಿ, ಒರೆಸಿ, ಮತ್ತೆ ಬಿಗಿಯುವುದರಲ್ಲಿ ಒಂದು ಗಂಟೆ ಕಳೆಯಿತು. ದೀಪ ಮಾತ್ರ ತನ್ನ ಹಟವನ್ನು ಬಿಡಲಿಲ್ಲ.

ಮೀಟರು ಸುಳ್ಳು ಹೇಳಿತೆ? ಇಲ್ಲ. ನಾವು ಕೇಳಿದ ಪ್ರಶ್ನೆಗೆ ಅದು ನಿಜವಾದ ಉತ್ತರವನ್ನೇ ಕೊಟ್ಟಿತು. ನಾವು ಕೇಳಿದ ಪ್ರಶ್ನೆಯೇ ತಪ್ಪಾಗಿದ್ದಿತು.

ಪ್ರವಾಹ ಹಿಡಿದ ಅಡ್ಡದಾರಿ

ಎಡಗಡೆಯ ಗೂಡಿನ ಒಡಲ ಸಂಪರ್ಕ ನಿಜವಾಗಿ ಕಡಿದುಹೋಗಿದ್ದಿತು ಎಂದು ಭಾವಿಸಿ, ಏನಾಗಬೇಕೆಂಬುದನ್ನು ತರ್ಕಿಸಿ ನೋಡೋಣ. ಈ ಒಂದೇ ಗೂಡಿನ ಲೋಹಕ್ಕೆ ಮೂರು ತಂತುಗಳ ತುದಿಗಳು ಸೇರಿವೆ: ರಾತ್ರಿದೀಪದ ಸಣ್ಣ ತಂತು, ಬ್ರೇಕಿನ ದೊಡ್ಡ ತಂತು, ತಿರುವಿನ ದೀಪದ ತಂತು.

ಮೊದಲು, ರಾತ್ರಿದೀಪವನ್ನು ಮಾತ್ರ ಹಾಕಿದೆ. ಪ್ರವಾಹ ಸಣ್ಣ ತಂತುವಿನ ಮೂಲಕ ಗೂಡಿಗೆ ಬರುವುದು. ಅಲ್ಲಿಂದ ಒಡಲಿಗೆ ನೇರವಾದ ದಾರಿಯಿಲ್ಲ. ಆದರೆ ಪಕ್ಕದ ತಿರುವಿನ ದೀಪದ ತಂತು ಇದೆ. ಅದರ ಇನ್ನೊಂದು ತುದಿ ತಂತಿಯ ಮೂಲಕ ಮುಂಭಾಗದ ತಿರುವಿನ ದೀಪವನ್ನು ಮುಟ್ಟುವುದು. ಆ ದೀಪಕ್ಕೆ ಒಳ್ಳೆಯ ಒಡಲ ಸಂಪರ್ಕವಿದೆ. ಈ ಎರಡು ದೊಡ್ಡ ತಂತುಗಳೂ ತಣ್ಣಗಿವೆ. ಎರಡನ್ನೂ ಕೂಡಿಸಿದರೆ ರೋಧ ಒಂದು ಓಮಿಗಿಂತ ತುಸು ಹೆಚ್ಚು. 29 ಓಮಿನ ಮುಂದೆ ಇದು ಲೆಕ್ಕಕ್ಕೆ ಬಾರದು. ಹೀಗಾಗಿ 12 ವೋಲ್ಟಿನಲ್ಲಿ ಹೆಚ್ಚು ಕಡಿಮೆ ಪೂರ್ತಿ ಸಣ್ಣ ತಂತುವಿಗೇ ದೊರೆತು ಅದು ಚೆನ್ನಾಗಿ ಬೆಳಗುವುದು. ಪ್ರವಾಹ ನೆರೆಮನೆಯ ಹಿತ್ತಲಿನಿಂದ ಹಾದು ಊರು ಸೇರಿತು. ಮುಂಬಾಗಿಲು ಮುಚ್ಚಿದ್ದುದು ಯಾರಿಗೂ ತಿಳಿಯಲಿಲ್ಲ.

ಈಗ ಬ್ರೇಕನ್ನು ಒತ್ತೋಣ. 21 ವಾಟಿನ ಬ್ರೇಕ್ ತಂತುವಿನಿಂದಲೂ ಪ್ರವಾಹ ಗೂಡಿಗೆ ನುಗ್ಗುವುದು. ಅದಕ್ಕೂ ಅದೇ ಹಿತ್ತಲ ದಾರಿ. ಬ್ರೇಕ್ ತಂತು, ಹಿಂದಿನ ತಿರುವಿನ ತಂತು, ಮುಂದಿನ ತಿರುವಿನ ತಂತು, ಈ ಮೂರೂ 21 ವಾಟಿನವು, ಈಗ ಸರಣಿಯಲ್ಲಿ ಜೋಡಿಸಿದಂತಾದುವು. ಮೂರು ಸಮಾನ ರೋಧಗಳು 12 ವೋಲ್ಟನ್ನು ಸಮನಾಗಿ ಹಂಚಿಕೊಳ್ಳುವುವು; ಒಂದೊಂದರ ಪಾಲಿಗೆ ಸುಮಾರು 4 ವೋಲ್ಟು. ಆದುದರಿಂದ ಮೂರೂ ಕೆಂಡದಂತೆ ಮಂಕಾಗಿ ಬೆಳಗಬೇಕು. ನಾವು ಕಂಡುದೂ ಅದನ್ನೇ. ರಾತ್ರಿದೀಪದ ಸಣ್ಣ ತಂತುವಿನ ಗತಿಯೇನು? ಅದರ ಒಂದು ತುದಿ 12 ವೋಲ್ಟಿನಲ್ಲಿದೆ. ಇನ್ನೊಂದು ತುದಿ ಗೂಡು. ಗೂಡಿನ ಮಟ್ಟ ಈಗ ಸೊನ್ನೆಯಲ್ಲ, ಸುಮಾರು 8 ವೋಲ್ಟು. ಹೀಗೆ ಸಣ್ಣ ತಂತುವಿಗೂ ಉಳಿದುದು 4 ವೋಲ್ಟು ಮಾತ್ರ. ತಂತುದೀಪದ ಬೆಳಕು ವೋಲ್ಟಿನ ಸುಮಾರು 3.4ನೆಯ ಘಾತವನ್ನು ಅನುಸರಿಸುವುದು. ವೋಲ್ಟು ಮೂರನೆಯ ಒಂದು ಪಾಲಿಗೆ ಇಳಿದರೆ ಬೆಳಕು ನಲ್ವತ್ತನೆಯ ಒಂದು ಪಾಲಿಗೆ ಇಳಿಯುವುದು. ಲಾರಿಯ ಚಾಲಕನು ಕಂಡುದು ಈ ನಲ್ವತ್ತನೆಯ ಪಾಲನ್ನು.

ನಮ್ಮ ಮೀಟರಿನ ಉತ್ತರಗಳೂ ಈಗ ಅರ್ಥವಾಗುವುವು. ನಾವು ಅಳೆದ ಒಂದು ಓಮು ಒಡಲ ಸಂಪರ್ಕದ ರೋಧವಾಗಿರಲಿಲ್ಲ. ಅದು ತಣ್ಣಗಿದ್ದ ಎರಡು ತಿರುವಿನ ದೀಪಗಳ ರೋಧ. ಅದೇ ಹಾದಿಯಲ್ಲಿ ವೋಲ್ಟ್‌ಮೀಟರೂ ತನ್ನ ಮಂಡಲವನ್ನು ಪೂರ್ಣಗೊಳಿಸಿಕೊಂಡು 12 ವೋಲ್ಟನ್ನು ತೋರಿಸಿದ್ದಿತು.

ಹೊರೆಯಿಟ್ಟು ಅಳೆಯಿರಿ

ಇಲ್ಲಿಂದ ಒಂದು ಸಾಮಾನ್ಯ ನಿಯಮ ದೊರೆಯುವುದು. ಪ್ರವಾಹ ಹರಿಯದಿರುವಾಗ ಅಳೆದ ವೋಲ್ಟು ದಾರಿ ಚೆನ್ನಾಗಿದೆಯೆಂಬುದಕ್ಕೆ ಸಾಕ್ಷಿಯಾಗಲಾರದು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ತುಕ್ಕು ಹಿಡಿದ ಒಂದು ಸಂದಿಯ ರೋಧ 10,000 ಓಮ್ ಆಗಿರಲಿ. ಇಂದಿನ ಸಾಮಾನ್ಯ ಡಿಜಿಟಲ್ ಮೀಟರಿನ ಒಳರೋಧ ಸುಮಾರು ಒಂದು ಕೋಟಿ ಓಮ್. ಬಲ್ಬನ್ನು ತೆಗೆದು ಅಳೆದರೆ, ಸಂದಿಯಲ್ಲಿ ಕಳೆಯುವುದು ಸಾವಿರದಲ್ಲಿ ಒಂದು ಪಾಲು, ಮೀಟರು 11.99 ವೋಲ್ಟನ್ನು ತೋರಿಸುವುದು. ನೋಡಿದವರು ಎಲ್ಲವೂ ಸರಿಯೆಂದೇ ಹೇಳುವರು. ಅದೇ ಜಾಗದಲ್ಲಿ ಬಲ್ಬನ್ನು ಇಟ್ಟರೆ ಪ್ರವಾಹ ಒಂದು ಆಂಪೇರಿನ ಸಾವಿರದ ಒಂದು ಪಾಲನ್ನು ಸ್ವಲ್ಪ ಮೀರೀತು, ಅಷ್ಟೆ. ತಂತು ಬೆಚ್ಚಗೂ ಆಗದು. ಖಾಲಿ ಸೇತುವೆ ನಿಂತಿದೆ ಎಂಬುದರಿಂದ ಅದು ಗಾಡಿಯ ಭಾರವನ್ನು ತಾಳೀತೆಂದು ಹೇಳಲಾಗುವುದಿಲ್ಲ. ಗಾಡಿಯನ್ನು ಹಾಯಿಸಿಯೇ ನೋಡಬೇಕು.

ಸರಿಯಾದ ಕ್ರಮ ಹೀಗೆ. ಬಲ್ಬು ಅದರ ಜಾಗದಲ್ಲಿಯೇ ಇರಲಿ, ಸ್ವಿಚ್ಚು ಹಾಕಿರಲಿ, ಪ್ರವಾಹ ಹರಿಯುತ್ತಿರಲಿ. ಈಗ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಒಡಲ ಧ್ರುವಕ್ಕೂ ಇನ್ನೊಂದನ್ನು ದೀಪದ ಗೂಡಿಗೂ ಮುಟ್ಟಿಸಿರಿ. ಒಡಲ ದಾರಿ ನಿರ್ದೋಷವಾಗಿದ್ದರೆ ಮೀಟರು ಸೊನ್ನೆಗೆ ಸಮೀಪವಾಗಿ, ವೋಲ್ಟಿನ ಹತ್ತನೆಯ ಒಂದೆರಡು ಪಾಲುಗಳೊಳಗೆ, ನಿಲ್ಲಬೇಕು. ಮೀಟರು ಹೆಚ್ಚು ತೋರಿಸಿದಷ್ಟೂ ಆ ದಾರಿಯಲ್ಲಿ ಕಳೆದುಹೋಗುತ್ತಿರುವ ವೋಲ್ಟು ಹೆಚ್ಚು. ಹೀಗೆಯೇ ಬ್ಯಾಟರಿಯ ಇನ್ನೊಂದು ಧ್ರುವಕ್ಕೂ ಬಲ್ಬಿನ ತುದಿಗೂ ನಡುವೆ ಅಳೆದರೆ ಹೋಗುವ ದಾರಿಯ ನಷ್ಟ ತಿಳಿಯುವುದು. ಇದಕ್ಕೆ ವೋಲ್ಟಿನ ಇಳಿತದ ಪರೀಕ್ಷೆಯೆಂದು ಹೆಸರು.

ನಮ್ಮ ವಿದ್ಯಾರ್ಥಿಯೊಬ್ಬಳು ಹೀಗೆ ಅಳೆದಾಗ, ಬ್ರೇಕನ್ನು ಒತ್ತಿದೊಡನೆ ಮೀಟರು 8 ವೋಲ್ಟಿನ ಹತ್ತಿರಕ್ಕೆ ಏರಿತು. ಒಂದು ಗಂಟೆಯ ನಮ್ಮ ಪಾಂಡಿತ್ಯ ಒಂದು ನಿಮಿಷದಲ್ಲಿ ಕರಗಿತು.

ತುಕ್ಕಿನಲ್ಲಿ ಅಡಗಿದ ಕೋಶ

ಡಿಕ್ಕಿಯೊಳಗಿನ ಹೊದಿಕೆಯನ್ನು ಎತ್ತಿ ನೋಡಿದಾಗ, ಗೂಡನ್ನು ಒಡಲಿಗೆ ಬಿಗಿದಿದ್ದ ಬೋಲ್ಟು ಕಂದುಬಣ್ಣದ ಪುಡಿಯಲ್ಲಿ ಮುಚ್ಚಿಹೋಗಿದ್ದಿತು. ಇದು ಕಾರನ್ನು ತಯಾರಿಸಿದವರ ದೋಷವಲ್ಲ. ಮಲೆನಾಡಿನ ಹಲವಾರು ಮಳೆಗಾಲಗಳ ಕೆಲಸ. ಸಂದಿನಲ್ಲಿ ಉಕ್ಕೂ ಇದೆ, ತಾಮ್ರ ಇಲ್ಲವೆ ಹಿತ್ತಾಳೆಯೂ ಇದೆ, ನಡುವೆ ಲವಣಗಳು ಕರಗಿದ ನೀರೂ ಇದೆ. ಎರಡು ಬೇರೆ ಬೇರೆ ಲೋಹಗಳನ್ನು ಇಂತಹ ನೀರಿನಲ್ಲಿ ಮುಟ್ಟಿಸಿಟ್ಟರೆ ಒಂದು ಪುಟ್ಟ ವಿದ್ಯುತ್ಕೋಶವೇ ಆದಂತಾಯಿತು. ಪ್ರಮಾಣ ವಿಭವಗಳ ಪಟ್ಟಿಯಲ್ಲಿ ಕಬ್ಬಿಣ -0.44 ವೋಲ್ಟು, ತಾಮ್ರ +0.34 ವೋಲ್ಟು, ವ್ಯತ್ಯಾಸ 0.78 ವೋಲ್ಟು. ಈ ಕೋಶದಲ್ಲಿ ಕಬ್ಬಿಣವೇ ಸವೆಯುವ ಪಾತ್ರವನ್ನು ವಹಿಸುವುದು. ಸವೆದುದು ತುಕ್ಕಾಗಿ ಸಂದಿನಲ್ಲಿ ತುಂಬಿಕೊಳ್ಳುವುದು. ತುಕ್ಕು ಲೋಹದಂತೆ ವಿದ್ಯುದ್ವಾಹಕವಲ್ಲ. ಹೀಗೆ ಬೋಲ್ಟು ಬಿಗಿಯಾಗಿಯೇ ಇದ್ದರೂ ದಾರಿ ಮುಚ್ಚಿಹೋಗುವುದು.

ಚಿಕಿತ್ಸೆ ಸರಳ. ಬೋಲ್ಟನ್ನು ಬಿಚ್ಚಿ, ಎರಡೂ ಮೈಗಳನ್ನು ಮರಳುಕಾಗದದಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಬೇಕು. ಹಲ್ಲುಗಳುಳ್ಳ ವಾಷರನ್ನು ಇಟ್ಟು ಬಿಗಿಯಬೇಕು. ಅದರ ಹಲ್ಲುಗಳು ಲೋಹದೊಳಕ್ಕೆ ನಾಟಿ ಸಂಪರ್ಕವನ್ನು ಭದ್ರಪಡಿಸುವುವು. ಬಿಗಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿಯನ್ನು ಹಚ್ಚಿದರೆ ನೀರು ಒಳಸೇರದು. ಇಷ್ಟರ ಮೇಲೂ ಸಂಶಯವಿದ್ದರೆ ಗೂಡಿನಿಂದ ಒಡಲಿನ ಶುದ್ಧವಾದ ಜಾಗಕ್ಕೆ ಬೇರೊಂದು ತಂತಿಯನ್ನು ಎಳೆಯಬಹುದು. ಒಂದು ಚದರ ಮಿಲಿಮೀಟರು ಅಡ್ಡಕೊಯ್ತದ ತಾಮ್ರದ ತಂತಿಯ ರೋಧ ಮೀಟರಿಗೆ 0.02 ಓಮಿಗಿಂತಲೂ ಕಡಿಮೆ. 1.75 ಆಂಪೇರಿನ ಪ್ರವಾಹಕ್ಕೆ ಐದು ಮೀಟರು ತಂತಿಯಲ್ಲಿಯೂ ಕಳೆಯುವುದು ವೋಲ್ಟಿನ ಆರನೆಯ ಒಂದು ಪಾಲಿನಷ್ಟೆ. ಹಳೆಯ ವಾಹನಗಳಲ್ಲಿ ತಂತಿಗಿಂತ ಸಂದುಗಳೇ ಹೆಚ್ಚಾಗಿ ಕೆಡುವುವು ಎಂಬುದನ್ನು ಈ ಲೆಕ್ಕವೂ ಸೂಚಿಸುವುದು. ನಾವು ಉಜ್ಜಿ ಬಿಗಿದ ಮೇಲೆ ಅಳೆದಾಗ 8 ವೋಲ್ಟಿದ್ದ ಜಾಗದಲ್ಲಿ ವೋಲ್ಟಿನ ಹತ್ತನೆಯ ಒಂದು ಪಾಲೂ ಉಳಿದಿರಲಿಲ್ಲ.

ಹುಡುಕುವ ಕ್ರಮ

ದೋಷವನ್ನು ಹುಡುಕುವವನು ಕಂಡಲ್ಲೆಲ್ಲ ಬಿಚ್ಚುತ್ತ ಹೋಗಬಾರದು. ಮೊದಲು ಲಕ್ಷಣಗಳನ್ನು ಬರೆದುಕೊಳ್ಳಬೇಕು: ಯಾವ ದೀಪ ಬೆಳಗುವುದು, ಯಾವುದು ಬೆಳಗದು, ಒಂದನ್ನು ಹಾಕಿದಾಗ ಇನ್ನೊಂದಕ್ಕೆ ಏನಾಗುವುದು. ಒಂದು ದೀಪ ಮಾತ್ರ ಆರಿದ್ದರೆ ಬಲ್ಬು, ಗೂಡು ಇಲ್ಲವೆ ಅದರ ಒಡಲ ಸಂಪರ್ಕವನ್ನು ನೋಡಬೇಕು. ಎರಡು ಬದಿಯ ಬ್ರೇಕ್ ದೀಪಗಳೂ ಒಟ್ಟಿಗೆ ಆರಿದ್ದರೆ ಎರಡಕ್ಕೂ ಸಾಮಾನ್ಯವಾದ ಸ್ವಿಚ್ಚು, ಫ್ಯೂಸು, ಮೂಲ ತಂತಿಗಳ ಮೇಲೆ ಸಂಶಯ. ಹಲವು ಹಳೆಯ ಕಾರುಗಳಲ್ಲಿ ಬ್ರೇಕ್ ದೀಪದ ಸ್ವಿಚ್ಚು ಬ್ರೇಕ್ ದ್ರವದ ಒತ್ತಡದಿಂದ ನಡೆಯುವುದು. ಅದು ಹಳತಾದಾಗ ಪೆಡಲನ್ನು ಬಲವಾಗಿ ತುಳಿದರೆ ಮಾತ್ರ ದೀಪ ಬೆಳಗುವುದು. ಒಂದನ್ನು ಹಾಕಿದಾಗ ಸಂಬಂಧವಿಲ್ಲದ ಇನ್ನೊಂದು ಮಿನುಗಿದರೆ, ನಾವು ಕಂಡಂತೆ, ಒಡಲ ಸಂಪರ್ಕವನ್ನೇ ಮೊದಲು ಪರೀಕ್ಷಿಸತಕ್ಕದ್ದು.

ಉದ್ದವಾದ ದಾರಿಯಲ್ಲಿ ಹದಿನಾರು ಸಂದುಗಳಿದ್ದು ಒಂದು ಕೆಟ್ಟಿದೆಯೆಂದಿರಲಿ. ಒಂದು ಕೊನೆಯಿಂದ ಆರಂಭಿಸಿದರೆ ಹದಿನೈದು ಸಲ ಅಳೆಯಬೇಕಾಗಿ ಬರಬಹುದು. ಸರಿಯಾಗಿ ಮಧ್ಯದಲ್ಲಿ ಅಳೆದರೆ ದೋಷ ಯಾವ ಅರ್ಧದಲ್ಲಿದೆಯೆಂದು ತಿಳಿಯುವುದು. ಆ ಅರ್ಧದ ಮಧ್ಯದಲ್ಲಿ ಮತ್ತೆ ಅಳೆಯಬೇಕು. ಹೀಗೆ ನಾಲ್ಕೇ ಅಳತೆಗಳಲ್ಲಿ ಕೆಟ್ಟ ಸಂದು ಸಿಕ್ಕುವುದು.

ತಂತಿಗಳ ಬಣ್ಣ ಇದಕ್ಕೆ ನೆರವಾಗುವುದು. ಇಂಗ್ಲೆಂಡಿನ ಹಳೆಯ ಪದ್ಧತಿಯಲ್ಲಿ ಕಪ್ಪು ಒಡಲ ಸಂಪರ್ಕಕ್ಕೆ, ಕಂದು ಬ್ಯಾಟರಿಯಿಂದ ಬರುವ ಮೂಲ ತಂತಿಗೆ, ಕೆಂಪು ರಾತ್ರಿದೀಪಗಳಿಗೆ, ನೀಲಿ ಮುಂದೀಪಗಳಿಗೆ, ನೇರಳೆ ಗೆರೆಯ ಹಸಿರು ಬ್ರೇಕ್ ದೀಪಕ್ಕೆ ಸಲ್ಲುತ್ತಿದ್ದಿತು. ಆದರೆ ಅರವತ್ತು ವರ್ಷಗಳಲ್ಲಿ ಎಷ್ಟೋ ಕೈಗಳು ಕೆಲಸ ಮಾಡಿರುತ್ತವೆ. ಕೈಗೆ ಸಿಕ್ಕಿದ ಬಣ್ಣದ ತಂತಿಯನ್ನು ಜೋಡಿಸಿರುತ್ತಾರೆ. ಬಣ್ಣವನ್ನು ಊಹೆಯೆಂದು ಎಣಿಸಿ, ಮೀಟರಿನಿಂದ ಪರೀಕ್ಷಿಸಿಯೇ ನಂಬಬೇಕು.

ಫ್ಯೂಸು ಸುಟ್ಟಾಗ

ದಾರಿ ಕಡಿಯುವುದು ಒಂದು ಬಗೆಯ ದೋಷ. ದಾರಿ ಮೊಟಕಾಗುವುದು ಇನ್ನೊಂದು ಬಗೆ. ತಂತಿಯ ಹೊದಿಕೆ ಸವೆದು ತಾಮ್ರ ಒಡಲಿಗೆ ತಗಲಿದರೆ ಪ್ರವಾಹ ದೀಪವನ್ನು ಬಿಟ್ಟು ನೇರವಾಗಿ ಮರಳುವುದು. ಆ ದಾರಿಯ ಒಟ್ಟು ರೋಧ 0.1 ಓಮ್ ಆಗಿದ್ದರೆ ಪ್ರವಾಹ 120 ಆಂಪೇರು, ಉಷ್ಣ 1,440 ವಾಟು. ಬಟ್ಟೆಗೆ ಹಾಕುವ ಇಸ್ತ್ರಿಪೆಟ್ಟಿಗೆಗಿಂತ ಹೆಚ್ಚಿನ ಈ ಉಷ್ಣ ಒಂದು ತೆಳುವಾದ ತಂತಿಯಲ್ಲಿ, ಪೆಟ್ರೋಲು ತುಂಬಿದ ವಾಹನದಲ್ಲಿ! ಫ್ಯೂಸು ಇರುವುದು ಇದನ್ನು ತಡೆಯುವುದಕ್ಕೆ. ಸುಟ್ಟ ಫ್ಯೂಸಿನ ಜಾಗದಲ್ಲಿ ತಂತಿಯ ತುಂಡನ್ನೋ ಸಿಗರೇಟಿನ ಪೆಟ್ಟಿಗೆಯ ಹಾಳೆಯನ್ನೋ ತುರುಕುವವರು ಕಾವಲುಗಾರನನ್ನು ಕಟ್ಟಿಹಾಕಿ ನಿದ್ರಿಸುವವರು. ಹಳೆಯ ಕಾರುಗಳಲ್ಲಿ ಅನೇಕ ದೀಪಗಳ ಮಂಡಲಕ್ಕೆ ಫ್ಯೂಸೇ ಇರುವುದಿಲ್ಲ; ಅಲ್ಲಿ ಎಚ್ಚರ ಇಮ್ಮಡಿಯಾಗಬೇಕು.

ಮೊಟಕು ದಾರಿಯನ್ನು ಹುಡುಕಲು ಒಂದು ಸುಲಭೋಪಾಯವುಂಟು. ಆ ಮಂಡಲದ ಬಲ್ಬುಗಳನ್ನೆಲ್ಲ ತೆಗೆದು, ಫ್ಯೂಸಿನ ಜಾಗದಲ್ಲಿ 21 ವಾಟಿನ ಒಂದು ಬಲ್ಬನ್ನು ಎರಡು ತಂತಿಗಳಿಂದ ಜೋಡಿಸಬೇಕು. ತಂತಿ ಒಡಲಿಗೆ ತಗಲಿದ್ದರೆ ಬಲ್ಬು ಪೂರ್ಣವಾಗಿ ಬೆಳಗುವುದು. ಆದರೂ ಪ್ರವಾಹ 1.75 ಆಂಪೇರನ್ನು ಮೀರದು, ಏನೂ ಸುಡದು. ಈಗ ತಂತಿಯ ಕಂತೆಯನ್ನು ಅಲ್ಲಲ್ಲಿ ಮೆಲ್ಲನೆ ಅಲುಗಿಸುತ್ತ, ಕವಲುಗಳನ್ನು ಒಂದೊಂದಾಗಿ ಬಿಡಿಸುತ್ತ ಹೋಗಬೇಕು. ಎಲ್ಲಿ ಬಲ್ಬು ಆರುವುದೋ ಅಲ್ಲಿ ದೋಷ.

ಬಿಚ್ಚುವ ಕೆಲಸಕ್ಕೆ ಮೊದಲು ಬ್ಯಾಟರಿಯ ಒಡಲ ಧ್ರುವದ ಸಂಪರ್ಕವನ್ನೇ ಮುಂದಾಗಿ ಬಿಡಿಸತಕ್ಕದ್ದು. ಆ ಸ್ಪ್ಯಾನರು ಒಡಲಿಗೆ ತಗಲಿದರೂ ಅಪಾಯವಿಲ್ಲ. ಇನ್ನೊಂದು ಧ್ರುವವನ್ನು ಮೊದಲು ಬಿಚ್ಚಹೋಗಿ ಸ್ಪ್ಯಾನರು ಒಡಲಿಗೆ ತಗಲಿದರೆ ಬ್ಯಾಟರಿಯೇ ಮೊಟಕಾಗುವುದು. ಬ್ಯಾಟರಿಯ ಬಳಿ ಜಲಜನಕ ಅನಿಲವಿರುವ ಸಂಭವವುಂಟು. ಒಂದು ಕಿಡಿ ಸಾಕು. ಉಂಗುರ, ಕೈಗಡಿಯಾರಗಳನ್ನು ತೆಗೆದಿಟ್ಟು, ಗಂಧಕಾಮ್ಲದಿಂದ ಕಣ್ಣುಗಳನ್ನು ಕಾಪಾಡಿಕೊಂಡು ಕೆಲಸ ಮಾಡಬೇಕು.

ಮುಂದೀಪ ಮತ್ತು ತಿರುವಿನ ದೀಪ

ಹಳೆಯ ಕಾರಿನ ಮುಂದೀಪಗಳು ಹಳದಿಯಾಗಿ ಮಂಕಾಗಿರುವುವೆಂಬ ದೂರು ಸಾಮಾನ್ಯ. ಬಲ್ಬನ್ನು ದೂರುವ ಮುಂಚೆ ಲೆಕ್ಕ ಮಾಡೋಣ. 45 ವಾಟಿನ ಎರಡು ದೀಪಗಳಿಗೆ 7.5 ಆಂಪೇರು ಬೇಕು. ಸವೆದ ಸ್ವಿಚ್ಚಿನಲ್ಲಿ 0.1 ಓಮ್ ರೋಧವಿದ್ದರೆ ಅಲ್ಲಿ 0.75 ವೋಲ್ಟು ಕಳೆಯುವುದು. ಇಷ್ಟರಿಂದಲೇ ಬೆಳಕಿನ ಐದನೆಯ ಒಂದು ಪಾಲು ಹೋಗುವುದು. ಸ್ವಿಚ್ಚಿನೊಳಗೆ ಐದಾರು ವಾಟು ಉಷ್ಣ ಹುಟ್ಟಿ ಅದನ್ನು ಇನ್ನಷ್ಟು ಕೆಡಿಸುವುದು. ಸ್ವಿಚ್ಚಿನಿಂದ ಒಂದು ರಿಲೇಯನ್ನು ಮಾತ್ರ ನಡೆಸಿ, ದೀಪದ ಪ್ರವಾಹವನ್ನು ಬ್ಯಾಟರಿಯಿಂದ ಫ್ಯೂಸಿನ ಮೂಲಕ ದಪ್ಪ ತಂತಿಯಲ್ಲಿ ನೇರವಾಗಿ ತರುವುದು ಇದಕ್ಕೆ ಪರಿಹಾರ.

ತಿರುವಿನ ದೀಪವನ್ನು ಮಿನುಗಿಸುವ ಹಳೆಯ ಡಬ್ಬಿ ಉಷ್ಣದಿಂದ ನಡೆಯುವಂಥದು. ಪ್ರವಾಹದಿಂದ ಒಳಗಿನ ಲೋಹದ ಪಟ್ಟಿ ಅಥವಾ ತಂತಿ ಕಾದು ಹಿಗ್ಗಿ, ತಣಿದು ಕುಗ್ಗಿ, ಮಂಡಲವನ್ನು ತೆರೆದು ಮುಚ್ಚುವುದು. ಅದರ ತಾಳ ಎರಡು ಬಲ್ಬುಗಳ 3.5 ಆಂಪೇರಿಗೆ ಹೊಂದಿಸಿದುದು. ಒಂದು ಬಲ್ಬು ಸುಟ್ಟರೆ ಪ್ರವಾಹ ಅರ್ಧವಾಗಿ ತಾಳ ಕೆಡುವುದು, ಇಲ್ಲವೆ ನಿಂತೇಹೋಗುವುದು. ಹಾಗೆ ತಾಳ ಕೆಡುವುದು ಚಾಲಕನಿಗೆ ಒಂದು ಸೂಚನೆಯೂ ಹೌದು. ಇಂತಹ ಡಬ್ಬಿಗೆ ಅಲ್ಪ ಪ್ರವಾಹದ ಎಲ್‌ಇಡಿ ಬಲ್ಬುಗಳನ್ನು ಜೋಡಿಸಿದರೆ ಅದು ಮಿನುಗದೆ ನಿಲ್ಲುವುದರಲ್ಲಿ ಆಶ್ಚರ್ಯವಿಲ್ಲ.

ಸಂಜೆಯ ಪ್ರದಕ್ಷಿಣೆ

1958ರಲ್ಲಿ ಆರಂಭವಾದ ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತಿತು. ಐವತ್ತು ವರ್ಷ ಮೀರಿದ ವಾಹನಗಳನ್ನು ವಿಂಟೇಜ್ ವಾಹನಗಳೆಂದು ನೋಂದಾಯಿಸುವ ನಿಯಮಗಳನ್ನು ಕೇಂದ್ರ ಸರಕಾರ 2021ರಲ್ಲಿ ಪ್ರಕಟಿಸಿತು. ಇಂತಹ ವಾಹನಗಳನ್ನು ಪ್ರೀತಿಯಿಂದ ಉಳಿಸಿಕೊಳ್ಳುವವರು ಬಣ್ಣ, ಚರ್ಮದ ಆಸನ, ಹೊಳೆಯುವ ಬಂಪರುಗಳಿಗೆ ಬಹಳ ಹಣ ಸುರಿಯುವರು. ಹಿಂದೆ ಬರುವವನ ಕಣ್ಣಿಗೆ ರಾತ್ರಿಯಲ್ಲಿ ಇವೊಂದೂ ಕಾಣವು. ಕಾಣುವುದು ಎರಡು ಕೆಂಪು ದೀಪಗಳು ಮಾತ್ರ.

ಚಾಲಕನು ತನ್ನ ವಾಹನದ ಬ್ರೇಕ್ ದೀಪವನ್ನು ತಾನೇ ನೋಡಲಾರನು. ಅದು ಪೂರ್ತಿಯಾಗಿ ಇನ್ನೊಬ್ಬನಿಗೆಂದು ಇರುವ ದೀಪ. ಆದುದರಿಂದ ವಾರಕ್ಕೊಂದು ಸಂಜೆ ಮನೆಯವರಲ್ಲಿ ಒಬ್ಬರನ್ನು ಕಾರಿನ ಹಿಂದೆ ನಿಲ್ಲಿಸಿ, ರಾತ್ರಿದೀಪ, ಬ್ರೇಕು, ಎಡ ಬಲದ ತಿರುವು ಇವನ್ನು ಒಂದೊಂದಾಗಿ ಮತ್ತು ಒಟ್ಟಿಗೆ ಹಾಕಿ ನೋಡುವುದು ಒಳ್ಳೆಯ ಅಭ್ಯಾಸ. ಒಟ್ಟಿಗೆ ಹಾಕುವುದನ್ನು ಮರೆಯಬಾರದು. ನಮ್ಮ ಮಿತ್ರರ ದೀಪ ಒಂಟಿಯಾಗಿ ಪರೀಕ್ಷಿಸಿದಾಗ ನಿರ್ದೋಷಿಯಾಗಿಯೇ ಕಾಣುತ್ತಿದ್ದಿತು.

ವಿದ್ಯಾರ್ಥಿಗಳಾದ ವಾಚಕರು ಈ ಪ್ರಯೋಗವನ್ನು ಕಾರಿಲ್ಲದೆಯೂ ಮಾಡಬಹುದು. 12 ವೋಲ್ಟಿನ 21 ವಾಟಿನ ಮೂರು ಬಲ್ಬುಗಳು, 5 ವಾಟಿನ ಒಂದು ಬಲ್ಬು, ಒಂದು ಬ್ಯಾಟರಿ, ಒಂದು ಫ್ಯೂಸು, ಒಂದು ಹಲಗೆ ಇಷ್ಟು ಸಾಕು. ಮೇಲೆ ವರ್ಣಿಸಿದಂತೆ ಜೋಡಿಸಿ, ಒಡಲಿನ ತಂತಿಯನ್ನು ಬಿಡಿಸಿ, ಬ್ರೇಕಿನ ಸ್ವಿಚ್ಚನ್ನು ಒತ್ತಿರಿ. ಸಣ್ಣ ದೀಪ ಕುಂದುವುದನ್ನು ಕಣ್ಣಾರೆ ಕಂಡವರು ಮುಂದೆ ಯಾವ ಮಂಡಲವನ್ನೂ ಪ್ರವಾಹ ಹರಿಸದೆ ನಂಬಲಾರರು.